ಲೋಟದ ತಳದ ಸಕ್ಕರೆ

"ಕಾಫಿಗೆ ಸಕ್ಕರೆನೇ ಹಾಕಿಲ್ವೇನೇ?" ಎಂದು ನಾನು ಹಜಾರದಿಂದ ಕೂಗುತ್ತೇನೆ. "ತಳದಲ್ಲಿದೆ, ಕಲಕಿಕೊಳ್ಳಿ" ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ. ನಮ್ಮ ಮನೆಯ ಸುಪ್ರಭಾತ ಇದು. ಎದ್ದು ಹೋಗಿ ಚಮಚ ತರಲು ಸೋಮಾರಿತನ. ಹಾಗೇ ಕುಡಿಯುತ್ತೇನೆ. ಮೇಲೆಲ್ಲ ಕಹಿ, ಕೊನೆಯಲ್ಲಿ ಪಾಕ.

ಲೋಟದಲ್ಲಿ ಜಾಗ ಇಲ್ಲದೆ ಸಕ್ಕರೆ ತಳದಲ್ಲಿ ಕೂತಿದೆಯೇ? ಅದೂ ಅಲ್ಲ. ಸಕ್ಕರೆ ವಿಷಯದಲ್ಲಿ ನೀರು ಮಹಾ ಹೊಟ್ಟೆಬಾಕ. 20 ಡಿಗ್ರಿಯ ತಣ್ಣೀರು ಕೂಡ ತನ್ನ ಎರಡರಷ್ಟು ತೂಕದ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಬಿಸಿ ಮಾಡಿದರೆ ಇನ್ನೂ ಜಾಸ್ತಿ. ಅದರ ಮುಂದೆ ನನ್ನ ಎರಡು ಚಮಚ ಯಾವ ಲೆಕ್ಕ?

ತೊಂದರೆ ಬೇರೆ ಕಡೆ ಇದೆ. ನೀರಿನ ಕಣಗಳು ಹರಳಿನ ಮೈಯಿಂದ ಸಕ್ಕರೆಯ ಕಣಗಳನ್ನು ಒಂದೊಂದಾಗಿ ಕಿತ್ತು ಸುತ್ತುವರಿಯುತ್ತವೆ. ಹರಳಿನ ಸುತ್ತಲ ನೀರು ಬೇಗನೆ ಸಿಹಿಯಿಂದ ತುಂಬಿ ಭಾರವಾಗಿ ತಳದಲ್ಲೇ ಕೂತುಬಿಡುತ್ತದೆ. ಮೇಲಿನ ನೀರಿಗೆ ಕೆಳಗಿನ ಸುದ್ದಿಯೇ ತಲುಪುವುದಿಲ್ಲ. ಅಲುಗಾಡಿಸದೆ ಬಿಟ್ಟರೆ ಸಿಹಿ ತಾನಾಗಿ ಲೋಟದ ಬಾಯಿವರೆಗೆ ಹರಡಲು ವಾರಗಟ್ಟಲೆ ಬೇಕು. ಅಷ್ಟು ಹೊತ್ತು ಕಾಫಿಗಾಗಿ ಯಾರು ಕಾಯುತ್ತಾರೆ? ಹೋಟೆಲಿನವರು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಸುರಿಯುವುದು ಬರೀ ನೊರೆಗಲ್ಲ ಅಲ್ವಾ!

ಉಪ್ಪಿನ ಸ್ವಭಾವವೇ ಬೇರೆ. 100 ಗ್ರಾಂ ತಣ್ಣೀರಿಗೆ ಸುಮಾರು 36 ಗ್ರಾಂ ಉಪ್ಪು ಸಾಕು. ನೀರನ್ನು ಕುದಿಸಿದರೂ ಮೂರ್ನಾಲ್ಕು ಗ್ರಾಂ ಹೆಚ್ಚು ಕರಗಬಹುದು, ಅಷ್ಟೇ. ಬೆಂಕಿಗೆ ಬಗ್ಗುವ ಜಾತಿಯಲ್ಲ. ಅರಿಸಿನದ ಬಣ್ಣವಂತೂ ನೀರನ್ನು ಕಂಡರೆ ಮುಖ ತಿರುಗಿಸುತ್ತದೆ, ಎಣ್ಣೆಯಲ್ಲಿ ಸರಾಗವಾಗಿ ಬೆರೆಯುತ್ತದೆ. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು ಬರೀ ನೀರಲ್ಲಿ ಉಜ್ಜಿದವರಿಗೆ ಇದು ಗೊತ್ತು.

ಸಕ್ಕರೆಯ ನಿಜವಾದ ಆಟ ನೋಡಬೇಕೆಂದರೆ ಹಬ್ಬದ ಹಿಂದಿನ ದಿನ ಒಲೆ ಮುಂದೆ ನಿಲ್ಲಬೇಕು. ಕುದಿಯುತ್ತಾ ನೀರು ಹಬೆಯಾಗಿ ಹೋದಷ್ಟೂ ಪಾಕ ದಪ್ಪವಾಗುತ್ತದೆ. ಅಮ್ಮ ಒಂದು ಹನಿ ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎಳೆದು ನೋಡುತ್ತಿದ್ದಳು. ಒಂದೆಳೆಯೋ ಎರಡೆಳೆಯೋ ಅವಳ ಬೆರಳಿಗೇ ಗೊತ್ತು. ಒಂದು ನಿಮಿಷ ಮೈಮರೆತರೆ ಪಾಕ ಸಕ್ಕರೆಗಟ್ಟಿ ಪಾತ್ರೆಗೆ ಕಚ್ಚಿಕೊಳ್ಳುತ್ತಿತ್ತು. ಹಾಗಾಗದಿರಲಿ ಎಂದು ನಾಲ್ಕು ಹನಿ ನಿಂಬೆರಸ ಹಿಂಡುತ್ತಿದ್ದಳು. ಹುಳಿಗೆ ಸಕ್ಕರೆಯ ಒಂದಷ್ಟು ಭಾಗ ಒಡೆದು ಗ್ಲುಕೋಸ್, ಫ್ರುಕ್ಟೋಸ್ ಆಗುತ್ತದೆ. ಗುಂಪಿನಲ್ಲಿ ಅಪರಿಚಿತರು ಸೇರಿಕೊಂಡ ಮೇಲೆ ಹರಳಿನ ಸಾಲು ಕಟ್ಟುವುದು ಕಷ್ಟ. ಅಮ್ಮನಿಗೆ ಈ ಹೆಸರುಗಳೆಲ್ಲ ಗೊತ್ತಿರಲಿಲ್ಲ. ನನಗೆ ಹೆಸರು ಗೊತ್ತು, ಪಾಕ ಬರುವುದಿಲ್ಲ.

ಅಜ್ಜಿಯೂ ಕಾಫಿ ಕಲಕುತ್ತಿರಲಿಲ್ಲ. ಅದು ನನ್ನ ಹಾಗೆ ಸೋಮಾರಿತನದಿಂದ ಅಲ್ಲ. ಸಣ್ಣವರಿಗೆ ಕಾಫಿ ಕೊಡಬೇಡಿ ಎಂದು ಅಮ್ಮ ಹೇಳಿದ್ದಳಲ್ಲ, ಅಜ್ಜಿ ಮೇಲಿನ ಕಹಿಯನ್ನೆಲ್ಲ ತಾನು ಕುಡಿದು, ತಳದ ಎರಡು ಗುಟುಕನ್ನು ಸುಮ್ನೆ ನನ್ನ ಕಡೆ ಸರಿಸುತ್ತಿದ್ದಳು. ನಾನು ಲೋಟದೊಳಗೆ ಬೆರಳು ಹಾಕಿ, ಸಕ್ಕರೆ ಬಳಿದು ನೆಕ್ಕಿ, ಅಮ್ಮ ಬರುವುದರೊಳಗೆ ಬಾಯಿ ಒರೆಸಿಕೊಳ್ಳುತ್ತಿದ್ದೆ.