ಸುಮ್ನೆ ಒಂದು ಸಹಿ ಅಲ್ಲ ಅದು

ನಾನು ಲೈಸೆನ್ಸ್ ಇರುವ ಇಂಜಿನಿಯರ್. ಇವತ್ತು ಬೆಳಿಗ್ಗೆ ಒಬ್ಬರು ಡ್ರಾಯಿಂಗ್ ಸುರುಳಿ ಹಿಡಿದುಕೊಂಡು ಬಂದರು. ನಾಲ್ಕು ಮಹಡಿ ಕಟ್ಟಡ. "ಸರ್, ಎಲ್ಲಾ ರೆಡಿ ಇದೆ. ಸುಮ್ನೆ ನಿಮ್ಮದೊಂದು ಸೀಲು, ಸಹಿ ಬೇಕಿತ್ತು." ಕಟ್ಟಡ ಭಾರ ತಡೆಯುತ್ತಾ ಅಂತ ಮಾಡಿದ ಲೆಕ್ಕದ ಹಾಳೆ ಕೊಡಿ ಅಂದೆ. ಇಲ್ಲ. ಮಣ್ಣು ಪರೀಕ್ಷೆ ವರದಿ? "ಪಕ್ಕದ ಸೈಟಿಂದು ಇದೆಯಲ್ಲ ಸರ್." ಆಗಲ್ಲ ಅಂದೆ. "ಬಿಡಿ, ಬೇರೆ ಯಾರಾದ್ರೂ ಹಾಕಿಕೊಡ್ತಾರೆ" ಅಂತ ಎದ್ದು ಹೋದರು. ಆ ಮಾತು ಇನ್ನೂ ಕೊರೆಯುತ್ತಿದೆ. ಯಾಕೆಂದರೆ ಹಾಕಿಕೊಡುವವರು ಇದ್ದಾರೆ.

ಲೈಸೆನ್ಸು ಅಂದರೆ ಬುದ್ಧಿವಂತಿಕೆಗೆ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಅದಕ್ಕೆ ಡಿಗ್ರಿ ಇದೆ. ಕೆಲಸ ಕೆಡಿಸಿದೆ ಅಂತ ಯಾರೂ ಡಿಗ್ರಿ ಕಿತ್ತುಕೊಳ್ಳುವುದಿಲ್ಲ, ಲೈಸೆನ್ಸು ಕಿತ್ತುಕೊಳ್ಳಬಹುದು. ತಪ್ಪಾದರೆ ಉತ್ತರ ಕೊಡುವವನು ಇವನೇ ಅಂತ ಮೊದಲೇ ಹೆಸರು ಬರೆದಿಟ್ಟ ಹಾಗೆ.

ಬುದ್ಧಿವಂತಿಕೆಯೊಂದೇ ಸಾಕಾಗಿದ್ದರೆ ಅಮೆರಿಕದ ಇಂಜಿನಿಯರ್ ವಿಲಿಯಂ ಮುಲ್‌ಹಾಲೆಂಡ್ ಸಾಕಿತ್ತು. ಕಾಲೇಜಿಗೆ ಹೋಗದೆ ತಾವೇ ಕಲಿತು, ನೂರಾರು ಕಿಲೋಮೀಟರ್ ದೂರದಿಂದ ಲಾಸ್ ಏಂಜಲೀಸ್‌ಗೆ ನೀರು ತಂದವರು. ಅವರೇ ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಸೋರುತ್ತಿದೆ ಅಂತ 1928ರ ಮಾರ್ಚ್ 12ರಂದು ಕರೆ ಬಂತು. ಹೋಗಿ ನೋಡಿದರು, ಏನೂ ಭಯವಿಲ್ಲ ಅಂದರು. ಅದೇ ದಿನ ನಡುರಾತ್ರಿ ಹೊತ್ತಿಗೆ ಕಟ್ಟೆ ಒಡೆಯಿತು. ಸತ್ತವರು 400ಕ್ಕೂ ಜಾಸ್ತಿ. ಮರುವರ್ಷ ಕ್ಯಾಲಿಫೋರ್ನಿಯಾ ಸಿವಿಲ್ ಇಂಜಿನಿಯರ್‌ಗಳಿಗೆ ನೋಂದಣಿ ಕಾನೂನು ತಂದಿತು.

ಲೈಸೆನ್ಸು ಅಂದರೆ ಹೊಸಬರನ್ನು ಹೊರಗಿಟ್ಟು ದರ ಏರಿಸುವ ದಾರಿ ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ವಾದಿಸಿದ್ದರು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಡೆ ಹೆಣೆಯುವವರಿಗೂ ಲೈಸೆನ್ಸು ಬೇಕಿತ್ತು. ಅಂಥ ಕಡೆ ಫ್ರೀಡ್‌ಮನ್ ಮಾತು ಒಪ್ಪೋಣ. ಆದರೆ ಕೆಟ್ಟ ಜಡೆಯನ್ನು ಸಂಜೆಗೆ ಬಿಚ್ಚಬಹುದು. ಕಟ್ಟಡ ಹೊತ್ತು ನಿಂತ ಕಾಲಮ್ ಬಿಚ್ಚೋಕೆ ಆಗುತ್ತಾ?

ಇಷ್ಟು ಕೋಪ ಯಾಕೆ ಅಂತ ಹೇಳಿಬಿಡ್ತೀನಿ. ಲೈಸೆನ್ಸ್ ಸಿಕ್ಕ ಮೊದಲ ವರ್ಷ ನಾನೂ ಪೂರ್ತಿ ನೋಡದೆ ಒಂದು ಸಹಿ ಹಾಕಿದ್ದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಎದ್ದು ಡ್ರಾಯಿಂಗ್ ಬಿಡಿಸಿದೆ. ಕೆಳಮಹಡಿಯ ಕಾಲಮ್‌ಗೆ 150 ಮಿಲಿಮೀಟರ್‌ಗೆ ಒಂದು ಬರಬೇಕಿದ್ದ ರಿಂಗು, ಅಂದರೆ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಬಳೆ, 300ಕ್ಕೆ ಒಂದು ಅಂತಿತ್ತು. ಬೆಳಕು ಹರಿಯುವ ಮುಂಚೆ ಸೈಟಿಗೆ ಓಡಿದೆ. ಪುಣ್ಯಕ್ಕೆ ಕಾಂಕ್ರೀಟ್ ಹಾಕಿರಲಿಲ್ಲ. ಕಂಬಿ ಕಟ್ಟುವವರು ನಡುನಡುವೆ ಒಂದೊಂದೇ ರಿಂಗು ಸೇರಿಸಿ ತಂತಿ ಬಿಗಿಯುವುದನ್ನು ಕೊನೆಯವರೆಗೂ ನಿಂತು ನೋಡಿದೆ. ಕೈ ನಡುಗುತ್ತಲೇ ಇತ್ತು.

ಬೆಳಿಗ್ಗೆ ಬಂದವರು ನಿಮಗೆ ಯಾರಿಗಾದರೂ ಪರಿಚಯವಿದ್ದರೆ ಒಂದು ಮಾತು ಹೇಳಿ. ಲೆಕ್ಕದ ಹಾಳೆ, ಅವರ ಸ್ವಂತ ಜಾಗದ ಮಣ್ಣಿನ ವರದಿ ತರಲಿ. ದುಡ್ಡು ಬೇಡ, ಕೂತು ನೋಡಿಕೊಡ್ತೀನಿ.