ಕುಂದಾ ಡಬ್ಬಿ ಕೊಡಂಗಿಲ್ಲ

ಭಾನುವಾರ ರಾತ್ರಿ ಒಂಬತ್ತೂಕಾಲಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬೀಳುತ್ತದೆ: ‘ನಾಳೆ ಎಲ್ಲ ಮಕ್ಕಳೂ ಕಸದಿಂದ ರಸ ಪ್ರಾಜೆಕ್ಟ್ ತರತಕ್ಕದ್ದು. ಮನೆಯಲ್ಲಿರುವ ನಿರುಪಯೋಗಿ ವಸ್ತುಗಳನ್ನೇ ಬಳಸಬೇಕು.’ ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಇದನ್ನು ಡೈರಿಯಲ್ಲಿ ಹದಿನೈದು ದಿನ ಮೊದಲೇ ಬರೆಸಿದ್ದರು ಎಂಬ ಸತ್ಯ ಹೊರಬೀಳುವುದು ಆಮೇಲೆ. ಅಷ್ಟೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ, ಇಲ್ಲವೇ ನಿದ್ದೆ ಬಂದವರ ಹಾಗೆ ಬಿಗಿಯಾಗಿ ಕಣ್ಣುಮುಚ್ಚಿಕೊಂಡಿರುತ್ತದೆ.

ಇನ್ನು ಅಪ್ಪನ ಪಾಳಿ. ಗಣಪತ್ ಗಲ್ಲಿಯಲ್ಲಿ ಅರ್ಧ ಶಟರ್ ಎಳೆದ ಸ್ಟೇಷನರಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಬಗ್ಗಿ ಒಳಗೆ ಮುಖ ತೂರಿಸಿ, ‘ಕಸದಿಂದ ರಸದ ಸಾಮಾನ ಐತೇನ್ರಿ?’ ಎಂದು ಕೇಳುತ್ತಾನೆ. ಅಂಗಡಿಯವನಿಗೆ ಇದೇನು ಹೊಸದಲ್ಲ. ಐಸ್‌ಕ್ರೀಮಿನ ಮುಖವನ್ನೇ ಕಾಣದ ಐಸ್‌ಕ್ರೀಮ್ ಕಡ್ಡಿಗಳ ಐವತ್ತರ ಕಟ್ಟು, ಚಹಾ ತಾಗದ ಕಾಗದದ ಲೋಟಗಳು, ಮಿಂಚಿನ ಪುಡಿ, ಒಂದು ದೊಡ್ಡ ಥರ್ಮಾಕೋಲ್ ಹಾಳೆ, ಎಲ್ಲ ಚೀಲಕ್ಕೆ ಬೀಳುತ್ತವೆ. ಅಲಂಕಾರದ ಥರ್ಮಾಕೋಲಿಗೆ ಜುಲೈ 1, 2022ರಿಂದ ಇಡೀ ದೇಶದಲ್ಲಿ ನಿಷೇಧವಿದೆ. ಆದರೂ ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಬರೆಯಲು ಅದಕ್ಕಿಂತ ಬೆಳ್ಳನೆಯ ಹಾಳೆ ಇನ್ನೆಲ್ಲಿ ಸಿಗಬೇಕು?

ಮನೆಯಲ್ಲಿ ಖಾಲಿ ಸಾಮಾನೇ ಇಲ್ಲ ಎಂದೇನಲ್ಲ. ಬೇಕಾದಷ್ಟಿದೆ, ಆಯಿಯ, ಅಂದರೆ ಅಜ್ಜಿಯ, ಮಂಚದ ಕೆಳಗೆ. ಕುಂದಾ ಎಂಬ ಹಾಲಿನ ಸಿಹಿ ತಂದ ಪ್ಲಾಸ್ಟಿಕ್ ಡಬ್ಬಿಗಳು ಒಂದರೊಳಗೊಂದು ಕೂತಿವೆ. ಗೋಕಾಕದ ಕರದಂಟಿನ ರಟ್ಟಿನ ಪೆಟ್ಟಿಗೆಗಳು ಒಂದು ಕಡೆ, ಅಮೀನಗಡದ ಕರದಂಟಿನವು ಇನ್ನೊಂದು ಕಡೆ. ಎರಡನ್ನೂ ಬೆರೆಸುವ ಹಾಗಿಲ್ಲ. ಸೀರೆ ಅಂಗಡಿಯ ಚೀಲಗಳು, ಆ ಚೀಲಗಳೊಳಗೆ ಮಡಚಿಟ್ಟ ಚೀಲಗಳು. ಪೇಡೆ ಪೆಟ್ಟಿಗೆಗೆ ಕಟ್ಟಿದ್ದ ದಾರದ ಉಂಡೆ. ಕುಪ್ಪಸಕ್ಕೆಂದು ತಂದ ಗುಳೇದಗುಡ್ಡದ ಖಣದ ತುಂಡುಗಳ ಗಂಟು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಸಿಹಿ ಮತ್ತು ಸೀರೆಯ ವ್ಯಾಪಾರದ ಲೆಕ್ಕವೆಲ್ಲ ಆ ಮಂಚದ ಕೆಳಗೆ ಸಿಕ್ಕೀತು. ಆದರೆ ಅದನ್ನು ಮುಟ್ಟುವುದು ಅಷ್ಟು ಸುಲಭವಲ್ಲ.

‘ಆಯೀ, ಒಂದ ಡಬ್ಬಿ ಕೊಡ.’

‘ಯಾತಕ?’

‘ರೋಬೋಟ್ ಮಾಡಾಕ.’

‘ಅದರಾಗ ಏನ್ ಇಡ್ತಿ?’

‘ಏನೂ ಇಡಂಗಿಲ್ಲ.’

‘ಏನೂ ಇಡದಿದ್ರ ಡಬ್ಬಿ ಯಾಕ ಬೇಕು? ಇರ್ಲಿ ಬಿಡು, ಬೇಕಾಗ್ತೈತಿ.’

‘ಯಾವಾಗ ಬೇಕಾಗ್ತೈತಿ?’

‘ಬೇಕಾದಾಗ ಗೊತ್ತಾಗ್ತೈತಿ.’

ಈ ವಾದಕ್ಕೆ ಮರುವಾದ ಈವರೆಗೆ ಯಾವ ಮೊಮ್ಮಗನಿಗೂ ಹೊಳೆದಿಲ್ಲ. ಸೊಸೆ ನಡುವೆ ಬಂದು, ‘ಕೊಡ್ರಿ ಅತ್ತಿ, ಸಾಲಿಗೆ ಬೇಕಂತ’ ಎಂದ ಮೇಲೆ ಆಯಿ ನೆಲಕ್ಕೆ ಕೂತು, ಮಂಚದ ಕೆಳಗೆ ಕೈ ಚಾಚಿ, ಒಂದೊಂದೇ ಡಬ್ಬಿ ಹೊರತೆಗೆದು ಬೆಳಕಿಗೆ ಹಿಡಿದು ನೋಡುತ್ತಾಳೆ. ಚಲೋ ಡಬ್ಬಿಗಳು ಒಳಗೆ ಹೋಗುತ್ತವೆ. ಇನ್ನಷ್ಟು ಚಲೋ ಇದ್ದವು ಇನ್ನಷ್ಟು ಒಳಗೆ. ಕಡೆಗೆ ಅಂಚು ಸೀಳಿದ, ಉಪ್ಪಿನಕಾಯಿಯ ಎಣ್ಣೆಗೆ ಹಳದಿಯಾದ ಒಂದು ಡಬ್ಬಿ ಮೊಮ್ಮಗನ ಕೈಗೆ ಬರುತ್ತದೆ. ಮುಚ್ಚಳ ಮಾತ್ರ ಬರುವುದಿಲ್ಲ. ‘ಮುಚ್ಚಳ ಇಲ್ಲೇ ಇರ್ಲಿ, ಸಾಲ್ಯಾಗ ಕಳೀತಾವ.’ ಹೀಗೆ ನಮ್ಮ ಭಾಗದ ರೋಬೋಟುಗಳೆಲ್ಲ ನೆತ್ತಿಯಿಲ್ಲದೆ ಹುಟ್ಟುತ್ತವೆ.

ಪ್ರದರ್ಶನದ ದಿನ ಆಯಿಯೂ ಬರುತ್ತಾಳೆ. ಜ್ವಾಲಾಮುಖಿ, ಚಂದ್ರಯಾನ, ಸೋಲಾರ್ ಹಳ್ಳಿ ಯಾವುದನ್ನೂ ನೋಡದೆ ನೇರವಾಗಿ ರೋಬೋಟಿನ ಹತ್ತಿರ ಹೋಗಿ ಅದನ್ನು ತಲೆಕೆಳಗು ಮಾಡುತ್ತಾಳೆ. ತಳದಲ್ಲಿ ಗುರುತಿಗೆಂದು ಹಚ್ಚಿದ ಉಗುರುಬಣ್ಣದ ಚುಕ್ಕೆ ಇದೆಯೇ? ಇದೆ. ಟೀಚರು ಓಡಿಬಂದು, ‘ಅಜ್ಜೀ, ಇದು ಭವಿಷ್ಯದ ರೋಬೋಟ್ ರೀ’ ಎನ್ನುತ್ತಾರೆ. ‘ಹೌದೇನ್ರಿ, ಛಂದ ಐತಿ. ಡಬ್ಬಿ ಯಾವಾಗ ವಾಪಸ್ ಕೊಡ್ತೀರಿ?’ ಅಷ್ಟರಲ್ಲಿ ಕಣ್ಣಿಗೆಂದು ಕೊರೆದ ಎರಡು ತೂತುಗಳು ಕಾಣುತ್ತವೆ. ‘ಅಯ್ಯ ಶಿವನ, ತೂತ ಹಾಕ್ಯಾರ!’ ಎಂಬ ಕೂಗಿಗೆ ಪಕ್ಕದ ಜ್ವಾಲಾಮುಖಿಯೂ ಒಂದು ಕ್ಷಣ ಉಗುಳುವುದನ್ನು ನಿಲ್ಲಿಸುತ್ತದೆ. ಎರಡನೇ ಬಹುಮಾನ ಬಂದಿದೆ ಎಂದು ಸಮಾಧಾನ ಹೇಳಲು ಹೋದರೆ, ‘ಬಹುಮಾನ ನೀವ ಇಟಗೋರಿ, ನಮ್ಮ ಡಬ್ಬಿ ಕೊಡ್ರಿ.’

ನಗು ಬಂದರೂ ಈ ಜಗಳದಲ್ಲಿ ನನ್ನ ಮತ ಆಯಿಗೇ. ಡಬ್ಬಿಗೆ ಕಣ್ಣು ಕೊರೆದು, ಮಿಂಚಿನ ಪುಡಿ ಮೆತ್ತಿ, ಬಿಸಿ ಅಂಟಿನಿಂದ ನಾಲ್ಕು ಕಡ್ಡಿ ಕೂರಿಸಿದ ಮೇಲೆ ಅದರಲ್ಲಿ ಸಾಸಿವೆ ತುಂಬುವಂತಿಲ್ಲ, ಭಂಗಾರದವನು, ಅಂದರೆ ಗುಜರಿಯವನು, ತೂಕಕ್ಕೆ ಹಾಕಿಕೊಳ್ಳುವುದಿಲ್ಲ. ನಿನ್ನೆಯವರೆಗೆ ಕಸವಾಗಿರದ ವಸ್ತು ಸೋಮವಾರ ಸಂಜೆ ಖರೆ ಕಸವಾಗುತ್ತದೆ. ಆಡಿ ಮುಗಿದ ಮೇಲೆ ಬಿಚ್ಚಿಡಲು ಬರುವಂಥದ್ದು, ಇಲ್ಲವೇ ನಾಲ್ಕು ದಿನ ನಿಜಕ್ಕೂ ಉಪಯೋಗಕ್ಕೆ ಬರುವಂಥದ್ದು ಮಾಡಿಸಿದರೆ ಆಯಿಯ ಹತ್ತಿರ ಡಬ್ಬಿ ಕೇಳಲು ಮುಖವಾದರೂ ಇರುತ್ತದೆ.

ಉದಾಹರಣೆಗೆ ದಾರದ ಫೋನು. ಮೊಸರಿನ ಖಾಲಿ ಕಪ್ಪು ಎರಡು, ಎಂಟು–ಹತ್ತು ಮೀಟರ್ ತೆಳ್ಳನೆಯ ಗಟ್ಟಿ ಹತ್ತಿದಾರ ಸಾಕು. ಪೇಡೆ ಪೆಟ್ಟಿಗೆಯ ದಾರಗಳನ್ನು ಗಂಟು ಹಾಕಿ ಉದ್ದ ಮಾಡಿದರೂ ನಡೆದೀತು. ಗಂಟು ಕಡಿಮೆಯಿದ್ದಷ್ಟೂ ಒಳ್ಳೆಯದು. ತಳದ ನಟ್ಟನಡುವೆ ದಬ್ಬಣದಿಂದ ದಾರ ಹಿಡಿಸುವಷ್ಟೇ ತೂತು ಮಾಡಿ, ಹೊರಗಿನಿಂದ ದಾರ ತೂರಿಸಿ, ಒಳತುದಿಗೆ ಮದ್ದು ಕೆರೆದು ತೆಗೆದ ಅರ್ಧ ಬೆಂಕಿಕಡ್ಡಿ ಕಟ್ಟಿ. ಬರೀ ಗಂಟು ಹಾಕಿದರೆ ಮೊದಲನೆಯ ಜಗ್ಗಾಟಕ್ಕೇ ಕಿತ್ತು ಬರುತ್ತದೆ. ತಳ ತೆಳ್ಳಗಿದ್ದರೆ ಚೆನ್ನಾಗಿ ಕಂಪಿಸುತ್ತದೆ, ಹಾಗಾಗಿ ದಪ್ಪ ತಗಡಿನ ಡಬ್ಬಿಗಿಂತ ಅಗ್ಗದ ಕಪ್ಪೇ ವಾಸಿ. ಉಲನ್ ದಾರ ಬೇಡ, ಅದು ದನಿಯನ್ನು ತಾನೇ ನುಂಗುತ್ತದೆ. ‘ಕೇಳಸವಲ್ದು’ ಎಂಬ ದೂರಿಗೆ ಸಾಮಾನ್ಯವಾಗಿ ಮೂರೇ ಕಾರಣ: ದಾರ ಜೋತುಬಿದ್ದಿದೆ, ದಾರ ಬಾಗಿಲ ಚೌಕಟ್ಟಿಗೆ ತಾಗಿದೆ, ತಂಗಿ ದಾರದ ನಡುವೆ ಕೈಯಿಟ್ಟಿದ್ದಾಳೆ. ಸದ್ದು ಕಂಪನವಾಗಿ ಸಾಗಬೇಕು, ಹಿಡಿದರೆ ನಿಂತುಬಿಡುತ್ತದೆ. ನಾಲ್ಕನೆಯ ಕಾರಣವೂ ಒಂದಿದೆ. ಇಬ್ಬರೂ ಕಪ್ಪನ್ನು ಬಾಯಿಗೇ ಹಿಡಿದಿದ್ದಾರೆ. ಗೋಳಗುಮ್ಮಟದಲ್ಲೂ ಇದೇ ಕತೆ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ, ಈ ಗೋಡೆಗೆ ಮೆಲ್ಲಗೆ ಹೇಳಿದ್ದು ಆ ಗೋಡೆಗೆ ಕಿವಿ ಕೊಟ್ಟವರಿಗೆ ದಾರವಿಲ್ಲದೆಯೇ ಕೇಳುತ್ತದೆ. ಶಾಲಾ ಪ್ರವಾಸದ ಎರಡು ಬಸ್ಸು ಖಾಲಿಯಾದ ಮೇಲೆ ಪಿಸುಗುಡುವವರು ಯಾರೂ ಉಳಿಯುವುದಿಲ್ಲ, ಅಷ್ಟೇ.

ನೀರಿನ ಬಾಟಲಿಯ ಕುಂಡವೂ ಪರವಾಗಿಲ್ಲ. ಒಂದು ಲೀಟರಿನ ಬಾಟಲಿಯನ್ನು ಮುಚ್ಚಳದಿಂದ ಸುಮಾರು 12 ಸೆಂಟಿಮೀಟರ್ ಕೆಳಗೆ ದೊಡ್ಡವರೇ ಕತ್ತರಿಸಿ, ಅಂಚಿಗೆ ಟೇಪು ಸುತ್ತಬೇಕು. ಆ ಅಂಚು ಬ್ಲೇಡಿಗಿಂತ ಕಡಿಮೆಯಲ್ಲ. ಕಾಯಿಸಿದ ದಬ್ಬಣದಿಂದ ಮುಚ್ಚಳಕ್ಕೆ ತೂತು ಮಾಡಿ, ಬಟ್ಟೆಯ ಬತ್ತಿ ತೂರಿಸಿ, ಮೇಲಿನ ತುಂಡನ್ನು ಬೋರಲಾಗಿ ಕೆಳಗಿನದರಲ್ಲಿ ಕೂರಿಸಿ. ಮೇಲೆ ಮಣ್ಣು, ಕೆಳಗೆ ನೀರು. ಬತ್ತಿ ಅಜ್ಜನ ಹಳೆಯ ಧೋತರದ್ದೋ ಬನಿಯನ್ನಿನದ್ದೋ ಆಗಿರಲಿ, ಅಂದರೆ ಹತ್ತಿಯದು. ಪಾಲಿಸ್ಟರ್ ಸೀರೆಯ ಚಿಂದಿ ನೀರನ್ನು ಅಷ್ಟು ಸಲೀಸಾಗಿ ಮೇಲೆತ್ತುವುದಿಲ್ಲ. ಬತ್ತಿಯನ್ನು ಮೊದಲೇ ನೆನೆಸಿ, ಮೊದಲ ದಿನ ಮೇಲಿನಿಂದಲೂ ನೀರು ಹಾಕಿ. ನಮ್ಮ ಕಡೆ ಇದು ಕೆಡುವುದು ಹೆಚ್ಚಾಗಿ ಮಣ್ಣಿನಿಂದ. ಹೊಲದಿಂದ ತಂದ ಎರೆಮಣ್ಣನ್ನು ಹಾಗೇ ತುಂಬಿದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಎರೆಮಣ್ಣು, ಉಸುಕು, ಹಳೆಯ ಗೊಬ್ಬರ ಮೂರನ್ನೂ ಸಮಪಾಲು ಬೆರೆಸಿ. ಬೀಜಕ್ಕೆ ಹವೀಜ, ಅಂದರೆ ಕೊತ್ತಂಬರಿ ಬೀಜ, ಬೇಡ. ಅದು ಮೊಳೆಯಲು ವಾರಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತದೆ, ಮಕ್ಕಳು ಮೂರನೆಯ ದಿನವೇ ಕೆದಕಿ ‘ಬಂತೇನು’ ಎಂದು ನೋಡುತ್ತಾರೆ, ಮತ್ತೆ ಮುಚ್ಚುತ್ತಾರೆ, ಮತ್ತೆ ಕೆದಕುತ್ತಾರೆ. ರಾತ್ರಿ ನೆನೆಸಿದ ಮೆಂತ್ಯ ಎರಡು–ಮೂರು ದಿನದಲ್ಲಿ ಮುಖ ತೋರಿಸುತ್ತದೆ. ಕೆಳಗಿನ ನೀರನ್ನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ, ಒಳಗೋಡೆ ತಿಕ್ಕಬೇಕು. ಇಲ್ಲದಿದ್ದರೆ ಮೆಂತ್ಯಕ್ಕಿಂತ ಡೆಂಗಿ ಸೊಳ್ಳೆಯ ಬೆಳೆ ಚೆನ್ನಾಗಿ ಬರುತ್ತದೆ.

ಅಂಟಿನ ವಿಷಯಕ್ಕೆ ಬಂದರೆ ಅಪ್ಪಂದಿರದು ಒಂದೇ ಸಿದ್ಧಾಂತ: ಹತ್ತಲಿಲ್ಲವೇ, ಇನ್ನಷ್ಟು ಸುರುವು. ಫೆವಿಕಾಲಿನಂಥ ಬಿಳಿ ಅಂಟು ಗಟ್ಟಿಯಾಗುವುದು ಅದರೊಳಗಿನ ನೀರು ಹೋದ ಮೇಲೆ. ಕಾಗದ, ಬಟ್ಟೆ, ಕಟ್ಟಿಗೆ ನೀರು ಹೀರುತ್ತವೆ, ಹಾಗಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಹಚ್ಚಿದರೆ ನೀರು ಹೋಗುವುದೆಲ್ಲಿಗೆ? ಅರ್ಧ ಡಬ್ಬಿ ಸುರಿದರೆ ಬೆಳಗಿನವರೆಗೂ ಜಾರುತ್ತಲೇ ಇರುತ್ತದೆ, ರಟ್ಟಿಗೆ ಸುರಿದರೆ ರಟ್ಟು ಮುರುಟುತ್ತದೆ. ತೆಳ್ಳಗೆ ಸವರಿ, ಮೇಲೆ ಗುಂಡಕಲ್ಲಿಟ್ಟು, ರಾತ್ರಿ ಬಿಡುವುದೊಂದೇ ದಾರಿ. ಸಂದೇಶ ಬಂದದ್ದೇ ರಾತ್ರಿಯಲ್ಲವೇ ಎಂದರೆ ನನ್ನ ಹತ್ತಿರ ಉತ್ತರವಿಲ್ಲ. ಕಾಗದದ ಕೆಲಸಕ್ಕಂತೂ ಮೈದಾ ಅಂಟು ಸಾಕು. ಒಂದು ಚಮಚ ಮೈದಾಕ್ಕೆ ಐದು ಚಮಚ ತಣ್ಣೀರು, ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯ ಮೇಲೆ ಕೈ ಬಿಡದೆ ತಿರುವಬೇಕು. ಬಿಸಿನೀರಿಗೆ ನೇರ ಹಿಟ್ಟು ಸುರಿದರೆ ಗಂಟುಗಳಷ್ಟೇ ಸಿಗುತ್ತವೆ. ಹುಳ ಬೀಳದಿರಲಿ ಎಂದು ಹಿಂದಿನವರು ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಬೆರಳು ಚೀಪುವವರ ಮನೆಯಲ್ಲಿ ಬೇಡ. ಬೇಕಾದಷ್ಟೇ ಕುದಿಸಿ, ಉಳಿದದ್ದು ಚೆಲ್ಲಿ.

ಅಂಟೇ ಬೇಡದ ಕೆಲಸಗಳೂ ಇವೆ. ಸೈಕಲ್ಲಿನ ವಾಲ್ವ್ ಟ್ಯೂಬನ್ನು ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಎರಡೂ ತುದಿಗೆ ಮದ್ದು ತೆಗೆದ ಬೆಂಕಿಕಡ್ಡಿ ಸಿಕ್ಕಿಸುತ್ತ ಹೋಗುವುದು. ಕಸದ ಆಟಿಕೆಗಳಿಗೇ ಹೆಸರಾಗಿ 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಹೇಳಿಕೊಟ್ಟ ಕೆಲಸವಿದು. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಅನ್ನುವುದಿಲ್ಲ. ಸಕ್ಕರೆ ಕಾರ್ಖಾನೆಯ ಶೆಡ್ಡಿನ ತಗಡಿನ ಕೆಳಗೆ ಯಾಕೆ ಅಷ್ಟೊಂದು ತ್ರಿಕೋನ ಎಂದು ಮಗುವಿಗೆ ಬಾಯಿಬಿಟ್ಟು ಹೇಳಬೇಕಿಲ್ಲ. ಖಣದ ತುಂಡುಗಳಿಂದ ಗೊಂಬೆಗೆ ಸೀರೆ ಉಡಿಸುವುದಾದರೆ ಅಂಚನ್ನು ಒಂದು ಸೆಂಟಿಮೀಟರ್ ಒಳಮಡಚಿ ಹೊಲಿಯಿರಿ, ಇಲ್ಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ. ಆ ಗಂಟು ಬಿಚ್ಚಲು ಆಯಿಯ ಒಪ್ಪಿಗೆ ಪಡೆಯುವುದು ನಿಮಗೆ ಬಿಟ್ಟದ್ದು.

ಥರ್ಮಾಕೋಲೇ ಬೇಕೆಂದು ಹಟ ಹಿಡಿಯುವವರಿಗೆ ಜೋಳದ ದಂಟಿದೆ. ಹಿಂಗಾರಿ ಜೋಳ ಕೊಯ್ದ ಮೇಲೆ ಬಣವಿಯಿಂದ ಎಳೆದ ಒಂದು ದಂಟಿದ್ದರೆ ಹುಡುಗರಿಗೆ ಇಡೀ ಮಧ್ಯಾಹ್ನ ಕಳೆಯುತ್ತಿತ್ತು. ಕನ್ನಡಕ, ಚಕ್ಕಡಿ, ಎತ್ತು ಎಲ್ಲವೂ ಅದರಿಂದಲೇ. ಯಾರೂ ಅದಕ್ಕೆ ಅಂಕ ಕೊಡುತ್ತಿರಲಿಲ್ಲ, ಫೋಟೋ ತೆಗೆಯುತ್ತಿರಲಿಲ್ಲ, ಸಂಜೆಗೆ ಅದು ಎಲ್ಲೋ ಬಿದ್ದು ಹೋಗುತ್ತಿತ್ತು. ನಾಳೆ ಇನ್ನೊಂದು ದಂಟು. ಈಗ ದಂಟು ಬೇಕೆಂದರೆ ಹಾಲಿನವನಿಗೆ ಹೇಳಿ ತರಿಸಬೇಕು. ಎರಡು ಗೆಣ್ಣಿನ ನಡುವಿನ ತುಂಡು ಆರಿಸಿ, ಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಬೆಳ್ಳನೆಯ ಬೆಂಡು. ಸಿಪ್ಪೆಯ ಅಂಚು ಬೆರಳು ಕೊಯ್ಯುತ್ತದೆ, ದೊಡ್ಡವರೇ ಸುಲಿಯಲಿ. ತೀರಾ ಒಣಗಿದ ಸಿಪ್ಪೆ ಬಾಗಿಸಿದರೆ ಮುರಿಯುತ್ತದೆ. ಹತ್ತು ನಿಮಿಷ ನೀರಲ್ಲಿಟ್ಟರೆ ಗಾಲಿಯಾಗುವಷ್ಟು ಬಳುಕುತ್ತದೆ. ಬೆಂಡಿಗೆ ಬೆಂಡು ಕೂಡಿಸಲು ಸಿಪ್ಪೆಯ ಕಡ್ಡಿಯಾಗಲಿ, ಜಾಲಿಯ ಮುಳ್ಳಾಗಲಿ ಆದೀತು. ಬಹುಮಾನ ಬರಲಿ ಬಿಡಲಿ, ಪ್ರದರ್ಶನ ಮುಗಿದ ಮೇಲೆ ಚಕ್ಕಡಿಯನ್ನು ಎಮ್ಮೆಯ ಮುಂದೆ ಹಾಕಿದರೆ ಎತ್ತು, ಗಾಲಿ ಸಮೇತ ತಿಂದು ಮುಗಿಸುತ್ತದೆ. ಮುಳ್ಳು ಬಳಸಿದ್ದರೆ ಮಾತ್ರ ಚುಚ್ಚುವಾಗಲೇ ಎಣಿಸಿಟ್ಟುಕೊಂಡು, ಹಾಕುವ ಮೊದಲು ಅಷ್ಟನ್ನೂ ಕಿತ್ತು ತೆಗೆಯಿರಿ.