ಕೆಟ್ಟ ಎಚ್‌ಟಿಎಂಎಲ್ ಬಂದ್ರೆ ಬ್ರೌಸರ್ ಸುಧಾರಿಸ್ಕೊಂಡು ಹೋಗ್ಬೇಕಾ?

ಪರ: ಓದೋನಿಗೆ ಯಾಕೆ ಶಿಕ್ಷೆ

ಎಚ್‌ಟಿಎಂಎಲ್ ಅಂದ್ರೆ ವೆಬ್ ಪೇಜ್ ಬರೆಯೋ ಭಾಷೆ. ಅದರಲ್ಲಿ ಟ್ಯಾಗ್ (ಇಲ್ಲಿಂದ ಇಲ್ಲಿವರೆಗೆ ಪ್ಯಾರಾ, ಬೋಲ್ಡ್ ಅಂತೆಲ್ಲ ಹೇಳೋ ಗುರುತು) ಮುಚ್ಚೋಕೆ ಮರೆತೋನು ಪೇಜ್ ಬರೆದೋನು, ಎರರ್ ನೋಡ್ಬೇಕಾದೋನು ಓದೋಕೆ ಬಂದೋನು, ಇದ್ಯಾವ ನ್ಯಾಯ ಸ್ವಾಮಿ? ಒಂದು ತಪ್ಪು ಸಿಕ್ಕಿದ ತಕ್ಷಣ ಪಾರ್ಸರ್, ಅಂದ್ರೆ ಬ್ರೌಸರ್ ಒಳಗೆ ಎಚ್‌ಟಿಎಂಎಲ್ ಓದೋ ಭಾಗ, ನಿಂತುಬಿಡ್ಬೇಕು ಅನ್ನೋರು ಇನ್ನೂ ಇದಾರೆ. ಅದನ್ನೂ ಮಾಡಿ ನೋಡಾಗಿದೆ. 2000ದಲ್ಲಿ ಎಕ್ಸ್‌ಎಚ್‌ಟಿಎಂಎಲ್ 1.0 ಬಂತು (ಒಂದು ತಪ್ಪಿದ್ರೂ ನಿಲ್ಲಿಸೋ ಎಕ್ಸ್‌ಎಂಎಲ್ ಭಾಷೆಯ ನಿಯಮಕ್ಕೆ ತಕ್ಕಂತೆ ಬರೆದ ಎಚ್‌ಟಿಎಂಎಲ್), ಎಷ್ಟೋ ಜನ ಅದರ ಡಾಕ್‌ಟೈಪ್ (ಇದು ಯಾವ ಎಚ್‌ಟಿಎಂಎಲ್ ಅಂತ ಪೇಜ್ ಮೇಲೆ ಹೇಳೋ ಸಾಲು) ಹಾಕ್ಕೊಂಡು ಮೆರೆದ್ರು, ಆದ್ರೆ ಸರ್ವರಿಂದ ಕಳಿಸ್ತಿದ್ದಿದ್ದು ಮಾತ್ರ ಮಾಮೂಲಿ ಎಚ್‌ಟಿಎಂಎಲ್ ಅಂತಾನೇ, ಯಾಕಂದ್ರೆ ಎಕ್ಸ್‌ಎಂಎಲ್ ಅಂತ ಕಳಿಸಿದ್ರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರ ತನಕ ಪೇಜೇ ತೋರಿಸ್ತಿರ್ಲಿಲ್ಲ. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್ 2ರ ಕೆಲಸ ನಿಲ್ಲಿಸ್ತೀವಿ ಅಂತ ವೆಬ್ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಡಬ್ಲ್ಯೂ3ಸಿನೇ ಹೇಳ್ತು.

ನಾನಿದ್ದ ಟೀಮಲ್ಲಿ ಒಬ್ರು, ಇಲ್ಲ, ನಾವು ಶುದ್ಧವಾಗಿ ಎಕ್ಸ್‌ಎಂಎಲ್ ಅಂತಾನೇ ಕಳಿಸೋಣ ಅಂತ ಹಠ ಹಿಡಿದು ಸರ್ವರ್ ಸೆಟ್ಟಿಂಗ್ ಬದಲಾಯಿಸಿದ್ರು. ಸ್ವಲ್ಪ ದಿನ ಎಲ್ಲ ಚೆನ್ನಾಗಿತ್ತು, ಆಮೇಲೆ ಯಾರೋ ಒಬ್ರು ಕಾಮೆಂಟಲ್ಲಿ ಒಂದು ಲಿಂಕ್ ಅಂಟಿಸಿದ್ರು, ಅದರೊಳಗೆ ಒಂದೇ ಒಂದು ಆ್ಯಂಪರ್ಸ್ಯಾಂಡ್ (&, ಎಕ್ಸ್‌ಎಂಎಲ್‌ನಲ್ಲಿ ಹಂಗೇ ಬರೆದ್ರೆ ತಪ್ಪು), ಅಷ್ಟೇ, ಇಡೀ ಲೇಖನ ಮಾಯ, ಹಳದಿ ಪರದೆ ಮೇಲೆ ಕೆಂಪಕ್ಷರದಲ್ಲಿ ಲೈನ್ ನಂಬರು, ಕಾಲಂ ನಂಬರು. ಲೇಖನ ಓದೋಕೆ ಬಂದೋರು ಆ ಕಾಲಂ ನಂಬರ್ ಇಟ್ಕೊಂಡು ಏನ್ ಮಾಡ್ಬೇಕು ಹೇಳಿ?

ಸುಧಾರಿಸ್ಕೊಳ್ಳೋದು ಅಂದ್ರೆ ಮನಸ್ಸಿಗೆ ಬಂದಂಗೆ ಊಹೆ ಮಾಡೋದೂ ಅಲ್ಲ. 2004ರಲ್ಲಿ ಆ್ಯಪಲ್, ಮೊಜಿಲ್ಲಾ, ಒಪೆರಾ ಕಡೆಯೋರು ಸೇರಿ ಶುರು ಮಾಡಿದ ವಾಟ್‌ವಿಜಿ (WHATWG) ಅನ್ನೋ ಗುಂಪು, ಯಾವ ತಪ್ಪಿಗೆ ಯಾವ ಟ್ರೀ (ಪಾರ್ಸರ್ ಪೇಜಿಂದ ಕಟ್ಟೋ ಒಳಗಿನ ರಚನೆ) ಅಂತ ಹೆಜ್ಜೆ ಹೆಜ್ಜೆಗೂ ತನ್ನ ಸ್ಪೆಕ್ಕಲ್ಲಿ, ಅಂದ್ರೆ ನಿಯಮದ ದಾಖಲೆಯಲ್ಲಿ, ಬರೆದಿಟ್ಟಿದೆ. ಟೇಬಲ್ ಒಳಗೆ ಸೆಲ್ ಇಲ್ದೆ ಅಕ್ಷರ ಬಿದ್ದಿದ್ರೆ ಎತ್ತಿ ಟೇಬಲ್‌ಗಿಂತ ಮುಂಚೆ ಕೂರಿಸ್ಬೇಕು, ಫಾಸ್ಟರ್ ಪೇರೆಂಟಿಂಗ್ ಅಂತಾರೆ ಅದನ್ನ, ಕ್ರೋಮಲ್ಲೂ ಅದೇ, ಫೈರ್‌ಫಾಕ್ಸಲ್ಲೂ ಅದೇ. ಇನ್ನು ಸೆಕ್ಯೂರಿಟಿ ಸೆಕ್ಯೂರಿಟಿ ಅಂತ ಹೆದರಿಸೋರು ಬರ್ತಾರೆ, ಅದು ಬಳಕೆದಾರ ಬರೆದಿದ್ದರಿಂದ ಅಪಾಯದ ಕೋಡ್ ತೆಗೆಯೋ ಫಿಲ್ಟರ್ ಬರೆಯೋರ ತಲೆನೋವು, ಪಾರ್ಸರ್‌ದಲ್ಲ.

ವಿರೋಧ: ಸರಿ, ನಿಲ್ಲಿಸ್ಲಿ

ಈ ಕಡೆಗೆ ಯಾರೂ ಸಿಗ್ಲಿಲ್ಲ ಅಂತ ನನ್ನ ಹಿಡ್ಕೊಂಡಿದಾರೆ, ಬರೀತೀನಿ. ಹಳೇ ಪೇಜೆಲ್ಲ ಒಡೆದುಹಾಕಿ ಅಂತ ನಾನೂ ಹೇಳಲ್ಲ.

ಆದ್ರೆ ಎಲ್ಲಾ ಬರೆದಿಟ್ಟಿದಾರೆ ಅಂತ ಹೆಮ್ಮೆ ಪಡೋರು ಅದನ್ನ ಓದಿದಾರಾ? ಬೋಲ್ಡ್ ಒಳಗೆ ಪ್ಯಾರಾ ಶುರು ಮಾಡಿ, ಪ್ಯಾರಾ ಮುಗಿಯೋಕೆ ಮುಂಚೆ ಬೋಲ್ಡ್ ಮುಚ್ಚಿದ್ರೆ ಅದನ್ನ ಸರಿಮಾಡೋಕೆ ಅಡಾಪ್ಷನ್ ಏಜೆನ್ಸಿ ಅಲ್ಗಾರಿದಂ ಅಂತ ಒಂದು ಓಡುತ್ತೆ, ಅದರ ಹೊರಗಿನ ಲೂಪ್ ಎಂಟು ಸುತ್ತಾದ್ಮೇಲೆ ಸಾಕು ಅಂತ ಕೈಬಿಡುತ್ತೆ. ಯಾಕೆ ಎಂಟು? ಕೇಳ್ಬೇಡಿ. ಒಂದು ಟ್ರೀಯನ್ನ ಸ್ಟ್ರಿಂಗ್ ಮಾಡಿ, ಅಂದ್ರೆ ವಾಪಸ್ ಎಚ್‌ಟಿಎಂಎಲ್ ಅಕ್ಷರವಾಗಿ ಬರೆದು, ಮತ್ತೆ ಪಾರ್ಸ್ ಮಾಡಿದ್ರೆ ಅದೇ ಟ್ರೀ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿನೂ ಇಲ್ಲ, ಸ್ಪೆಕ್ಕೇ ಹಾಗಂತ ಎಚ್ಚರಿಸುತ್ತೆ. ಮ್ಯುಟೇಶನ್ ಎಕ್ಸ್‌ಎಸ್‌ಎಸ್ ಅನ್ನೋ ದಾಳಿ (ಬೇರೆಯೋರ ಪೇಜಲ್ಲಿ ತಮ್ಮ ಸ್ಕ್ರಿಪ್ಟ್, ಅಂದ್ರೆ ಪ್ರೋಗ್ರಾಂ, ಓಡಿಸೋದು) ನುಸುಳೋದೇ ಆ ಸಂದಿಯಲ್ಲಿ: ಫಿಲ್ಟರ್ ನೋಡಿದಾಗ ಸಾಧು ಥರ ಇದ್ದ ಮಾರ್ಕಪ್ಪು ಬ್ರೌಸರ್ ಇನ್ನೊಂದ್ಸಲ ಪಾರ್ಸ್ ಮಾಡಿದಾಗ ಸ್ಕ್ರಿಪ್ಟ್ ಓಡಿಸುತ್ತೆ. ಇದನ್ನ ಫಿಲ್ಟರ್ ಬರೆಯೋರ ತಲೆಗೆ ಕಟ್ಟೋದು ಸುಲಭ.

ಆ್ಯಂಪರ್ಸ್ಯಾಂಡ್ ಕಥೆ ಹೇಳೋರು ಇದ್ದೇ ಇರ್ತಾರೆ. ಬಳಕೆದಾರ ಬರೆದಿದ್ದನ್ನ ಎಸ್ಕೇಪ್ ಮಾಡ್ದೆ (ವಿಶೇಷ ಚಿಹ್ನೆಗಳನ್ನ ಬರೀ ಅಕ್ಷರ ಅಂತ ಗುರುತಿಸ್ದೆ) ಹಂಗೇ ಸುರಿಯೋ ಸರ್ವರ್‌ನ ಬಿಟ್ಟು ಪರದೆ ಹಳದಿ ಆಯ್ತು ಅಂತ ಅಳೋದಾ? ಅಲ್ಲಿ ಸ್ಕ್ರಿಪ್ಟ್ ಟ್ಯಾಗ್ ಬಂದಿದ್ರೆ?

ಅಂದಹಾಗೆ, ಮೊದಲ ಪಾರ್ಸ್ ಎರರ್‌ಗೇ ನಿಲ್ಲಿಸೋಕೆ ಅದೇ ಸ್ಪೆಕ್ ಬ್ರೌಸರ್‌ಗಳಿಗೆ ಅವಕಾಶ ಕೊಟ್ಟಿದೆ, ಯಾರೂ ಬಳಸಲ್ಲ. ಓದೋರಿಗೆ ಬೇಡ ಬಿಡಿ, ಬರೆಯೋರ ಡೆವಲಪರ್ ಟೂಲಲ್ಲಾದ್ರೂ ಒಂದು ಸ್ವಿಚ್ ಕೊಡ್ಲಿ. ಫೈರ್‌ಫಾಕ್ಸಲ್ಲಿ ವ್ಯೂ ಸೋರ್ಸ್ ಮಾಡಿದ್ರೆ ತಪ್ಪೆಲ್ಲ ಕೆಂಪಲ್ಲಿ ಕಾಣುತ್ತೆ ನಿಜ, ಪೇಜ್ ನೆಟ್ಟಗೆ ಕಾಣ್ತಿರೋವಾಗ ಅದನ್ನ ತೆಗೆದು ನೋಡೋರು ಯಾರಿದಾರೆ.